ಸೋಪಿನ ಮಗು, ಹದಿನೆಂಟು ಮೀಟರಿನ ಇರುವೆ: ರೋಬೇರ್ ದೆಸ್ನೋಸ್ ಕಂಡ ಅಚ್ಚರಿ

1920ರ ದಶಕದ ಪ್ಯಾರಿಸ್ಸಿನಲ್ಲಿ ಯಾವ ಕಡೆ ತಿರುಗಿದರೂ ಗೋಡೆಯ ಮೇಲೆ ಒಂದು ಮಗು ನಗುತ್ತಿರುತ್ತಿತ್ತು. ಕಾದುಮ್ ಎಂಬ ಮೈಸೋಪಿನ ಜಾಹೀರಾತು ಅದು. ಗುಂಡು ಕೆನ್ನೆಯ ಭಾರೀ ಮುಖ, ದಾರಿಹೋಕರನ್ನೇ ನೋಡುವ ಕಣ್ಣು. ಅದೇ ಊರಿನ ಗೋಡೆಗಳ ಮೇಲೆ ಇನ್ನೊಬ್ಬನೂ ಇದ್ದ: ಟೈರುಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದಂಥ ದಢೂತಿ ಆಸಾಮಿ, ಮಿಶೆಲಿನ್ ಕಂಪನಿಯ ಬಿಬೆಂಡಮ್. ನಮ್ಮೂರುಗಳ ಟೈರ್ ಅಂಗಡಿಯ ಬೋರ್ಡುಗಳಲ್ಲಿ ಇವತ್ತಿಗೂ ಸಿಗುತ್ತಾನೆ. ದಿನಾ ಕಣ್ಣಿಗೆ ಬೀಳುವ ಇಂಥವರನ್ನು ನಿಂತು ನೋಡುವವರು ಯಾರು? ಆದರೆ 1927ರಲ್ಲಿ ಬಂದ ಒಂದು ಗದ್ಯಕೃತಿಯಲ್ಲಿ ಆ ಸೋಪಿನ ಮಗುವಿಗೆ ಜೀವ ಬಂತು, ಟೈರು ಮನುಷ್ಯನ ಜೊತೆ ಕಾಳಗಕ್ಕೆ ಬಿತ್ತು. ಆ ಕಾಳಗ ಮುಂದೆ ಏಸುವಿನ ಕತೆಯ ಅಣಕವಾಗಿ ಶಿಲುಬೆಯ ಬೆಟ್ಟ ಗೊಲ್ಗೊಥಾದವರೆಗೂ ಹೋಯಿತು. ಪುಸ್ತಕದ ಹೆಸರು ‘ಸ್ವಾತಂತ್ರ್ಯ ಅಥವಾ ಪ್ರೇಮ!’. ಬರೆದವನು ಸರ್ರಿಯಲಿಸ್ಟ್ ಗುಂಪಿನ ಫ್ರೆಂಚ್ ಕವಿ ರೋಬೇರ್ ದೆಸ್ನೋಸ್, ಆಗ ಅವನಿಗೆ 27ರ ಆಸುಪಾಸು. ನ್ಯಾಯಾಲಯ ಪುಸ್ತಕದ ಕೆಲವು ಭಾಗಗಳಿಗೆ ಕತ್ತರಿ ಹಾಕಿತು. ಕಾರಣ ಸೋಪಿನ ಮಗುವಲ್ಲ, ಶೃಂಗಾರದ ಪುಟಗಳು.

ಸರ್ರಿಯಲಿಸಂ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಾಲ್ವಡಾರ್ ಡಾಲಿಯ ಚಿತ್ರದ ಕರಗಿ ಜೋತುಬಿದ್ದ ಗಡಿಯಾರ. ಕನ್ನಡ ವಿಮರ್ಶೆಯಲ್ಲಿ ಅದನ್ನು ಅತಿವಾಸ್ತವವಾದ ಎಂದು ಕರೆದು, ವಾಸ್ತವಕ್ಕೆ ಬೆನ್ನು ಹಾಕಿದ ಪಂಥ ಎಂಬಂತೆ ಮಾತಾಡುವುದುಂಟು. ಅರ್ಥವಾಗದ ಸಿನಿಮಾ ನೋಡಿ ಬಂದವರೂ ‘ಸರ್ರಿಯಲ್ ಆಗಿತ್ತು’ ಅನ್ನುತ್ತಾರೆ. ಇದರಲ್ಲಿ ಮುಖ್ಯವಾದದ್ದೇ ಕೈಬಿಟ್ಟುಹೋಗುತ್ತದೆ. ಆ ಪಂಥದವರು ಹುಡುಕಿದ್ದು ಬೇರೊಂದು ಲೋಕವನ್ನಲ್ಲ. ಈ ಲೋಕದಲ್ಲೇ, ನಾವು ಸೊಪ್ಪು ತರಲು ಹೋಗುವ ಬೀದಿಯಲ್ಲೇ, ಅಚ್ಚರಿ ಬಿದ್ದಿದೆ, ಅಭ್ಯಾಸದ ಕಣ್ಣು ಅದನ್ನು ಮುಚ್ಚಿಟ್ಟಿದೆ ಎಂಬುದು ಅವರ ವಾದ. ಮುಚ್ಚಳ ತೆಗೆಯುವುದು ಹೇಗೆ ಎಂಬಲ್ಲಿ ಅವರವರಲ್ಲೇ ಜಗಳವಾಯಿತು. ಆ ಜಗಳದ ಜಾಡು ಹಿಡಿದರೆ ದೆಸ್ನೋಸ್‌ನ ಬದುಕೂ ಬಿಚ್ಚಿಕೊಳ್ಳುತ್ತದೆ, ಸರ್ರಿಯಲಿಸಂ ಕೂಡ ಅರ್ಥವಾಗುತ್ತದೆ.

ಮೊದಲು ಹಿನ್ನೆಲೆ. ಪಂಥದ ಹಿರಿತಲೆ ಆಂದ್ರೆ ಬ್ರೆತೋಂ ವೈದ್ಯಕೀಯ ಓದುತ್ತಿದ್ದವನು. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಸೇಂ-ದಿಝಿಯೆ ಎಂಬಲ್ಲಿನ ಮನೋರೋಗ ಕೇಂದ್ರದಲ್ಲಿ ಕೆಲಸ ಮಾಡಿದ. ಬಾಂಬುಗಳ ಸದ್ದಿಗೆ ಬುದ್ಧಿ ಕದಡಿದ ಸಿಪಾಯಿಗಳು ಅಲ್ಲಿಗೆ ಬರುತ್ತಿದ್ದರು. ಮನಸ್ಸಿಗೆ ಬಂದದ್ದನ್ನು ತಡೆಯದೆ ಹೇಳಿ ಎನ್ನುವ ಫ್ರಾಯ್ಡ್‌ನ ವಿಧಾನ ಅವನಿಗೆ ಪರಿಚಯವಾದದ್ದು ಅಲ್ಲೇ. ಆ ಬಡಬಡಿಕೆಯಲ್ಲಿ ಅವನಿಗೆ ರೋಗದ ಜೊತೆಗೆ ಕಾವ್ಯವೂ ಕೇಳಿಸಿತು. 1919ರಲ್ಲಿ ಗೆಳೆಯ ಫಿಲಿಪ್ ಸುಪೋ ಜೊತೆ ಕೂತು, ಯೋಚಿಸಲು ಪುರಸೊತ್ತು ಕೊಡದೆ, ಕೈ ಓಡಿದಷ್ಟು ವೇಗವಾಗಿ ಬರೆಯುವ ಪ್ರಯೋಗ ಮಾಡಿದ. ಅದೇ ಸ್ವಯಂಚಾಲಿತ ಬರವಣಿಗೆ. ‘ಸರ್ರಿಯಲಿಸಂ’ ಎಂಬ ಪದವನ್ನು ಟಂಕಿಸಿದವನು ಕವಿ ಅಪೊಲಿನೇರ್, 1917ರಲ್ಲಿ. ಅದಕ್ಕೆ ವ್ಯಾಖ್ಯೆ ಕೊಟ್ಟು 1924ರಲ್ಲಿ ಪ್ರಣಾಳಿಕೆ ಹೊರಡಿಸಿದವನು ಬ್ರೆತೋಂ: ತರ್ಕದ ಕಾವಲಿಲ್ಲದೆ, ಚಂದ-ಚಾರಿತ್ರ್ಯಗಳ ಚಿಂತೆಯಿಲ್ಲದೆ, ಯೋಚನೆ ನಿಜವಾಗಿ ಹೇಗೆ ನಡೆಯುತ್ತದೋ ಹಾಗೇ ಅದನ್ನು ಹೊರಗೆ ಬಿಡುವುದು. ಅದೇ ಪ್ರಣಾಳಿಕೆಯಲ್ಲಿ ಅವನು, ದೆಸ್ನೋಸ್ ಬಯಸಿದಾಗೆಲ್ಲ ಸರ್ರಿಯಲಿಸ್ಟ್ ಭಾಷೆ ಮಾತಾಡಬಲ್ಲ ಎಂದು ಹೊಗಳುತ್ತಾನೆ.

ಹೀಗೆ ಹೊಗಳಿಸಿಕೊಂಡ ಹುಡುಗ ಪುಸ್ತಕದ ಮನೆಯಿಂದ ಬಂದವನಲ್ಲ. 1900ರ ಜುಲೈ 4ರಂದು ಪ್ಯಾರಿಸ್ಸಿನಲ್ಲಿ ಹುಟ್ಟಿದ ದೆಸ್ನೋಸ್‌ನ ತಂದೆ, ನಗರದ ದೊಡ್ಡ ಮಾರುಕಟ್ಟೆಯಾಗಿದ್ದ ಲೆ ಆಲ್‌ನಲ್ಲಿ ಕೋಳಿ ಮತ್ತು ಬೇಟೆ ಮಾಂಸದ ದಲ್ಲಾಳಿ. ಮನೆ ಸಮೀಪದ ಸೇಂ-ಮೆರಿ ಬೀದಿಗಳಲ್ಲಿ. ಮಧ್ಯಯುಗದ ನಿಕೊಲಾ ಫ್ಲಾಮೆಲ್ ಅಗ್ಗದ ಲೋಹವನ್ನು ಚಿನ್ನ ಮಾಡುತ್ತಿದ್ದ ಎಂಬ ದಂತಕತೆ ಆ ಬೀದಿಗಳದ್ದೇ. ಒಂದು ಕಡೆ ಗಾಡಿ, ಬುಟ್ಟಿ, ಕೋಳಿಗಳ ಗದ್ದಲ, ಇನ್ನೊಂದು ಕಡೆ ರಸವಿದ್ಯೆಯ ಕತೆ. ಹುಡುಗ ಓದಿದ್ದು ಫಾಂತೋಮಾಸ್ ಕಾದಂಬರಿಗಳನ್ನು, ಅಂದರೆ 1911ರಿಂದ ಅಗ್ಗದ ಬೆಲೆಗೆ ಬರುತ್ತಿದ್ದ ಮುಖವಾಡದ ಪಾತಕಿಯ ರೋಚಕ ಸರಣಿ. ಮಗ ವ್ಯಾಪಾರ ಹಿಡಿಯಲಿ ಎಂಬುದು ಅಪ್ಪನ ಆಸೆ. ಮಗ 16ಕ್ಕೆ ಶಾಲೆ ಬಿಟ್ಟ, ವ್ಯಾಪಾರವನ್ನೂ ಹಿಡಿಯಲಿಲ್ಲ. ಹದಿಹರೆಯದಲ್ಲೇ ಕಂಡ ಕನಸುಗಳನ್ನು ಬರೆದಿಡುವ ಚಟ ಅಂಟಿಸಿಕೊಂಡಿದ್ದ. ಬೆಂಜಮಿನ್ ಪೆರೆ ಎಂಬ ಕವಿಯ ಮೂಲಕ ಹೊಸಬರ ಗುಂಪಿನ ಪರಿಚಯವಾಯಿತು, ಮೊರಾಕೊದಲ್ಲಿ ಸೈನ್ಯದ ಸೇವೆ ಮುಗಿಸಿ ಬಂದು ಆ ಗುಂಪಿಗೆ ಸೇರಿಕೊಂಡ.

1922ರ ಸೆಪ್ಟೆಂಬರ್ 25ರ ಸಂಜೆ ಬ್ರೆತೋಂನ ಮನೆಯಲ್ಲಿ ಒಂದು ವಿಚಿತ್ರ ಕೂಟ ನಡೆಯಿತು. ರೆನೆ ಕ್ರೆವೆಲ್ ಎಂಬ ತರುಣ ಲೇಖಕ ಆತ್ಮಗಳನ್ನು ಕರೆಯುವವರ ಹತ್ತಿರ ಕಲಿತುಬಂದ ಪದ್ಧತಿ ಅದು: ದೀಪ ಆರಿಸಿ, ಮೇಜಿನ ಸುತ್ತ ಕೈ ಕೈ ಹಿಡಿದು ಕೂರುವುದು. ಆತ್ಮಗಳಲ್ಲಿ ಈ ಗುಂಪಿಗೆ ನಂಬಿಕೆ ಇರಲಿಲ್ಲ. ಅವರಿಗೆ ಬೇಕಿದ್ದದ್ದು ನಿದ್ದೆ-ಎಚ್ಚರಗಳ ನಡುವಿನ ಸ್ಥಿತಿ. ಅದರಲ್ಲಿ ಎಲ್ಲರನ್ನೂ ಮೀರಿಸಿದವನು ದೆಸ್ನೋಸ್. ಕಣ್ಣು ಮುಚ್ಚಿದರೆ ಸಾಕು, ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತಿದ್ದ, ಬರೆಯುತ್ತಿದ್ದ, ಚಿತ್ರ ಬಿಡಿಸುತ್ತಿದ್ದ. ಆಮೇಲಾಮೇಲೆ ಕತ್ತಲೆ ಕೋಣೆಯೂ ಬೇಡವಾಯಿತು, ಕಾಫಿ ಅಂಗಡಿಯ ಗಲಾಟೆಯ ನಡುವೆಯೂ ಆ ಸ್ಥಿತಿಗೆ ಜಾರುತ್ತಿದ್ದ ಎಂದು ಅದೇ ಗುಂಪಿನ ಲೇಖಕ ಲೂಯಿ ಅರಗೋಂ ಬರೆದಿದ್ದಾನೆ.

ನಿಜವಾಗಿ ನಿದ್ದೆಯೋ, ನಾಟಕವೋ? ಅನುಮಾನ ಆಗಲೂ ಇತ್ತು, ಈಗಲೂ ಇದೆ. ಅರಗೋಂ ಅದಕ್ಕೆ ಕೊಟ್ಟ ಉತ್ತರ ಜಾಣತನದ್ದು: ಒಂದನ್ನು ನಟಿಸುವುದಕ್ಕೂ ಅದನ್ನು ಯೋಚಿಸುವುದಕ್ಕೂ ವ್ಯತ್ಯಾಸವೇನು? ನನಗೆ ಈ ಉತ್ತರ ಸರಿ ಅನ್ನಿಸುತ್ತದೆ. ನಟನೆಯೇ ಆಗಿದ್ದರೂ, ಮೊದಲೇ ಹೊಂದಿಸಿಕೊಳ್ಳದೆ, ಹಿಂದೆ ತಿರುಗಿ ತಿದ್ದದೆ, ಸಾಲು ಸಾಲು ಕಾವ್ಯ ನುಡಿಯುವುದು ಸಣ್ಣ ಸಾಮರ್ಥ್ಯವಲ್ಲ. ಆದರೆ ಆಟ ಕೈಮೀರಿತು. ಒಂದು ಕೂಟದಲ್ಲಿ ಕೆಲವರು ಕೋಟು ತೂಗುಹಾಕುವ ಗೂಟಗಳಿಗೆ ನೇಣು ಬಿಗಿದುಕೊಳ್ಳಲು ಹೊರಟಿದ್ದರು, ಇನ್ನೊಂದರಲ್ಲಿ ದೆಸ್ನೋಸ್ ಚಾಕು ಹಿಡಿದು ಕವಿ ಪಾಲ್ ಎಲ್ಯುಆರ್‌ನನ್ನು ಅಟ್ಟಿಸಿಕೊಂಡು ಹೋದ. ಕೆಲವೇ ತಿಂಗಳಲ್ಲಿ ಬ್ರೆತೋಂ ಈ ನಿದ್ದೆಯ ಕೂಟಗಳಿಗೆ ಪೂರ್ಣವಿರಾಮ ಹಾಕಿದ.

ಆ ಕೂಟಗಳಿಂದ ಉಳಿದದ್ದು ‘ರೋಸ್ ಸೆಲಾವಿ’ ಎಂಬ ಹೆಸರಿನ, ಒಂದೊಂದೇ ಸಾಲಿನ 150 ಮಾತುಗಳು. ಈ ಹೆಸರು ಮೊದಲು ಕಲಾವಿದ ಮಾರ್ಸೆಲ್ ದ್ಯೂಶಾಂ ತನಗೇ ಇಟ್ಟುಕೊಂಡ ಹೆಣ್ಣುಹೆಸರು. ದ್ಯೂಶಾಂ ಆಗ ನ್ಯೂಯಾರ್ಕಿನಲ್ಲಿದ್ದ. ಅವನ ಮನಸ್ಸಿನಿಂದ ನೇರವಾಗಿ ನನಗೆ ಈ ಸಾಲುಗಳು ತಲುಪುತ್ತಿವೆ ಎಂದು ದೆಸ್ನೋಸ್ ಹೇಳಿಕೊಂಡ. ಅದನ್ನು ಅಲ್ಲಿಗೇ ಬಿಡೋಣ, ಸಾಲುಗಳನ್ನು ನೋಡೋಣ. ಒಂದು ಹೀಗಿದೆ: ‘ಲೆ ಲ್ವಾ ದ ನೊ ದೆಜೀರ್ ಸೋಂ ದೆ ದೆ ಸಾಂ ಲ್ವಾಜೀರ್.’ ನಮ್ಮ ಆಸೆಗಳ ಕಾನೂನುಗಳೆಂದರೆ ಬಿಡುವೇ ಇಲ್ಲದ ದಾಳಗಳು ಎಂದು ಅರ್ಥ. ಕಿವಿಗೊಟ್ಟು ಕೇಳಿ: ಮೊದಲರ್ಧದಲ್ಲಿ ‘ಲ್ವಾ... ದೆಜೀರ್’, ಎರಡನೆಯರ್ಧದಲ್ಲಿ ‘ದೆ... ಲ್ವಾಜೀರ್’. ಎರಡು ತುಣುಕುಗಳು ಜಾಗ ಬದಲಾಯಿಸಿಕೊಂಡಿವೆ, ಅಷ್ಟೇ. ಆ ಅದಲುಬದಲಿನಿಂದ ಯಾರೂ ಯೋಚಿಸಿರದ ಒಂದು ಯೋಚನೆ ಹುಟ್ಟಿಬಿಟ್ಟಿತು: ಆಸೆಗೆ ಕಾನೂನು ಇದೆ, ಆದರೆ ಆ ಕಾನೂನೇ ಒಂದು ಜೂಜು, ಮತ್ತು ಆ ಜೂಜಿಗೆ ವಿರಾಮವಿಲ್ಲ.

‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು’ ಎಂದು ನಾಲಿಗೆ ಹೊರಳಿಸುತ್ತ ಬೆಳೆದ ನಮಗೆ ಇದು ಪೂರ್ತಿ ಹೊಸದೇನಲ್ಲ. ಆ ಮೂರು ಕರಿ ಕುರಿಮರಿಗಳು ಬಂದದ್ದು ತರೀಕೆರೆಯ ಸಂತೆಯಿಂದಲ್ಲ, ‘ರಿ’ಕಾರದಿಂದ. ಸದ್ದು ಕರೆದದ್ದಕ್ಕೆ ಅವು ಏರಿಯ ಮೇಲೆ ಬಂದು ನಿಂತವು, ಒಮ್ಮೆ ಬಂದ ಮೇಲೆ ಕಣ್ಣಿಗೂ ಕಂಡವು. ದೆಸ್ನೋಸ್ ಹಿಡಿದದ್ದು ಈ ಎಳೆಯನ್ನೇ. ನಾವು ದಿನಾ ಸವೆಸುವ ಮಾತು, ಅರ್ಥದ ದಾರಿ ಬಿಟ್ಟು ಸದ್ದಿನ ದಾರಿ ಹಿಡಿದರೆ, ತಾನಾಗಿಯೇ ಹೊಸ ವಸ್ತುಗಳನ್ನು ಎಳೆದು ತರುತ್ತದೆ. ಕವಿ ಮಾಡಬೇಕಾದ್ದು ಅಡ್ಡ ಬರದೆ ಇರುವುದು.

ಈ ಗುಂಪಿನ ಇನ್ನೊಂದು ದಾರಿ ಬೀದಿ ಸುತ್ತುವುದು. ಅರಗೋಂನ ‘ಪ್ಯಾರಿಸ್ಸಿನ ಹಳ್ಳಿಗ’ 1926ರಲ್ಲಿ ಪುಸ್ತಕವಾಗಿ ಬಂತು. ಬೂಲ್ವಾರ್ ಓಸ್ಮಾನ್ ರಸ್ತೆಯನ್ನು ಚಾಚಲು ಒಡೆಯಲಿದ್ದ ಒಂದು ಹಳೆಯ ಅಂಗಡಿ ಓಣಿಯನ್ನು ಅವನು ಅದರಲ್ಲಿ ಅಂಗುಲ ಅಂಗುಲವಾಗಿ ನೋಡುತ್ತಾನೆ: ಊರುಗೋಲು ಮಾರುವ ಅಂಗಡಿ, ಕ್ಷೌರದಂಗಡಿ, ಕಾಫಿ ಅಂಗಡಿಯ ಬೆಲೆಪಟ್ಟಿ. ‘ದಿನನಿತ್ಯದ ಅದ್ಭುತ’ ಎಂಬ ಮಾತು ಆ ಪುಸ್ತಕದ್ದು. ಬ್ರೆತೋಂಗೆ ಅದ್ಭುತವೆಂದರೆ ಯಾವಾಗಲೂ ಚೆಲುವು. ಆದರೆ ಅವನು ಅದನ್ನು ಒಂದು ಗುಟ್ಟಿನ ವಿದ್ಯೆಯ ಹಾಗೆ ಕಾಯ್ದುಕೊಂಡ. ಯಾರು ಒಳಗೆ, ಯಾರು ಹೊರಗೆ, ಯಾರು ಏನು ಬರೆದು ಸಂಬಳ ತೆಗೆದುಕೊಳ್ಳಬಹುದು ಎಂದೆಲ್ಲ ತೀರ್ಮಾನಿಸುವವನು ಅವನೇ.

ದೆಸ್ನೋಸ್‌ಗೆ ಹೊಟ್ಟೆಪಾಡು ನೋಡಿಕೊಳ್ಳಬೇಕಿತ್ತು. ಪತ್ರಿಕೆಗಳಲ್ಲಿ ಕೆಲಸ ಮಾಡಿದ, ಸಿನಿಮಾ ವಿಮರ್ಶೆ ಬರೆದ, ರೆಕಾರ್ಡುಗಳ ಬಗ್ಗೆ ಬರೆದ. ಕಾವ್ಯವೂ ಜೊತೆಜೊತೆಗೆ ನಡೆದಿತ್ತು. ಇವೋನ್ ಜಾರ್ಜ್ ಎಂಬ ಗಾಯಕಿಯನ್ನು ಪ್ರೀತಿಸಿದ, ಅವಳು ಒಲಿಯಲಿಲ್ಲ. ಅವಳಿಗಾಗಿ 1926ರಲ್ಲಿ ಬರೆದ ಪದ್ಯಗಳಲ್ಲಿ ಒಂದು ಬಹಳ ಪ್ರಸಿದ್ಧ: ನಿನ್ನ ಬಗ್ಗೆ ಎಷ್ಟು ಕನಸು ಕಂಡೆನೆಂದರೆ ನಿನ್ನ ನಿಜವೇ ಕಳೆದುಹೋಗುತ್ತಿದೆ ಎಂಬ ಮಾತಿನಿಂದ ಅದು ಶುರುವಾಗುತ್ತದೆ. ಈ ಪದ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವೆಲ್ಲ ಬ್ರೆತೋಂಗೆ ಹಿಡಿಸಲಿಲ್ಲ. 1929ರ ಕೊನೆಗೆ ಎರಡನೇ ಪ್ರಣಾಳಿಕೆ ಬಂತು. ಪತ್ರಿಕೋದ್ಯಮ ದೆಸ್ನೋಸ್‌ನನ್ನು ನುಂಗಿಹಾಕಿತು, ರಾಜಕೀಯದಲ್ಲಿ ಅವನು ನಮ್ಮ ಜೊತೆ ಬರಲಿಲ್ಲ, ಈಗ ಹಳೇ ಛಂದಸ್ಸಿನಲ್ಲಿ ಪೊಳ್ಳು ಪದ್ಯ ಹೊಸೆಯುತ್ತಿದ್ದಾನೆ ಎಂದು ಅದರಲ್ಲಿ ಬರೆದು ಅವನನ್ನು ಹೊರಗಟ್ಟಿದ. ಹೊರಬಿದ್ದವರೆಲ್ಲ ಸೇರಿ 1930ರ ಜನವರಿಯಲ್ಲಿ ‘ಒಂದು ಹೆಣ’ ಎಂಬ ಕರಪತ್ರ ಹೊರಡಿಸಿದರು. ಹೆಣ ಯಾರದ್ದೆಂದರೆ ಬ್ರೆತೋಂನದ್ದೇ. ದೆಸ್ನೋಸ್ ಅಷ್ಟಕ್ಕೆ ನಿಲ್ಲದೆ ತನ್ನದೇ ‘ಮೂರನೇ ಪ್ರಣಾಳಿಕೆ’ ಬರೆದ. ಅದರ ತಿರುಳು: ಸರ್ರಿಯಲಿಸಂ ಈಗ ಸಾರ್ವಜನಿಕರ ಸ್ವತ್ತು, ಪಾಷಂಡಿಗಳು, ಪಂಥ ಒಡೆದವರು, ನಾಸ್ತಿಕರು ಯಾರು ಬೇಕಾದರೂ ಬಳಸಬಹುದು. ನನ್ನ ಲೆಕ್ಕದಲ್ಲಿ ದೆಸ್ನೋಸ್ ಬರೆದ ಮುಖ್ಯ ವಾಕ್ಯಗಳಲ್ಲಿ ಇದೊಂದು. ಪಂಥದ ಇತಿಹಾಸ ಹೇಳುವವರು ಇಲ್ಲಿಗೆ ಅವನನ್ನು ಕೈಬಿಡುವುದುಂಟು, ಮುಂದಿನದು ಇಳಿಜಾರು ಎಂಬಂತೆ. ನಿಜವಾದ ಕತೆ ಶುರುವಾಗುವುದೇ ಇಲ್ಲಿಂದ. ಅಚ್ಚರಿ ಸಾರ್ವಜನಿಕ ಸ್ವತ್ತಾದರೆ ಅದನ್ನು ಹಂಚುವುದು ಹೇಗೆ?

ರೇಡಿಯೊ ಮೂಲಕ. ಪಾಲ್ ದೆಆರ್ಮ್ ಎಂಬ ಜಾಹೀರಾತು ಉದ್ಯಮಿ 1930ರ ದಶಕದ ಮೊದಲಲ್ಲಿ ಅವನನ್ನು ಆ ಕ್ಷೇತ್ರಕ್ಕೆ ತಂದ. 1933ರ ನವೆಂಬರ್ 3ರ ರಾತ್ರಿ ‘ಫಾಂತೋಮಾಸ್‌ನ ದೊಡ್ಡ ಲಾವಣಿ’ ಪ್ರಸಾರವಾಯಿತು. ಒಂದು ದಿನಪತ್ರಿಕೆಯಲ್ಲಿ ಬರಲಿದ್ದ ಹೊಸ ಫಾಂತೋಮಾಸ್ ಧಾರಾವಾಹಿಯ ಪ್ರಚಾರಕ್ಕಾಗಿ ಮಾಡಿದ್ದು, ಅಂದರೆ ಅಪ್ಪಟ ಜಾಹೀರಾತು. ಆದರೆ ಅದನ್ನು ಮಾಡಿದವರು ಯಾರು ನೋಡಿ: ಪದ್ಯ ದೆಸ್ನೋಸ್‌ನದು, ಸಂಗೀತ ಹೆಸರಾಂತ ಜರ್ಮನ್ ಸಂಗೀತಕಾರ ಕುರ್ಟ್ ವೈಲ್‌ನದು, ನಿರ್ದೇಶನ ಮತ್ತು ಫಾಂತೋಮಾಸ್‌ನ ಪಾತ್ರ ರಂಗಕರ್ಮಿ ಆಂತೊನಿನ್ ಆರ್ತೋನದು. ಬೀದಿಯಲ್ಲಿ ನಿಂತು ಕೊಲೆ, ದರೋಡೆಯ ಸುದ್ದಿಯನ್ನು ಹಾಡಿ ಹೇಳುವ ಹಳೆಯ ಲಾವಣಿಯ ಧಾಟಿಯನ್ನೇ ದೆಸ್ನೋಸ್ ಬೇಕೆಂದು ಆರಿಸಿಕೊಂಡಿದ್ದ. ಬಾಲ್ಯದ ಅಗ್ಗದ ಪುಸ್ತಕ, ಬೀದಿಯ ಹಾಡು, ಹೊಸ ಯಂತ್ರ, ಮೂರೂ ಒಟ್ಟಿಗೆ ಮನೆಮನೆಗೆ ಹೋದವು. ಟಾನಿಕ್, ಜಂತುಹುಳದ ಔಷಧಿಯಂಥ ಸಾಮಾನಿಗೂ ಅವನು ಪ್ರಾಸಕಟ್ಟಿ ಘೋಷಣೆ ಬರೆದ. ಇದಕ್ಕಾಗಿ ಅವನನ್ನು ಯಾರಾದರೂ ಹೀಗಳೆದರೆ ಸೋಪಿನ ಮಗುವನ್ನು ನೆನಪಿಸಬೇಕು. 1927ರಲ್ಲಿ ಜಾಹೀರಾತಿನಿಂದ ಪುರಾಣ ಮಾಡಿದವನು ಈಗ ಪುರಾಣ ಕಟ್ಟುವ ಕಸುಬನ್ನು ಜಾಹೀರಾತಿಗೆ ಒಯ್ದಿದ್ದ.

ಅದಕ್ಕಿಂತ ಸೊಗಸಾದದ್ದು ‘ಕನಸುಗಳ ಕೀಲಿಕೈ’. 1938ರಿಂದ 1939ರವರೆಗೆ ಪೋಸ್ಟ್ ಪಾರಿಸಿಯೆಂ ಕೇಂದ್ರದಿಂದ ಬಂದ ಕಾರ್ಯಕ್ರಮ. ಕೇಳುಗರು ತಮ್ಮ ಕನಸುಗಳನ್ನು ಬರೆದು ಕಳಿಸುವುದು, ದೆಸ್ನೋಸ್ ಅವನ್ನು ಸದ್ದು, ಸಂಗೀತ, ಮಾತು ಸೇರಿಸಿ ಪುಟ್ಟ ರೇಡಿಯೊ ನಾಟಕ ಮಾಡಿ, ಅರ್ಥ ಹೇಳುವುದು. 1922ರಲ್ಲಿ ಬ್ರೆತೋಂನ ಮನೆಯ ಮೇಜಿನ ಸುತ್ತ ಬೆರಳೆಣಿಕೆಯ ಕವಿಗಳಿಗೆ ಮೀಸಲಾಗಿದ್ದ ಕನಸಿನ ವಿದ್ಯೆ ಈಗ ಅಂಚೆಯಲ್ಲಿ ಬರುತ್ತಿತ್ತು, ಯಾರದೋ ಕೈಬರಹದಲ್ಲಿ, ಅಂಚೆಚೀಟಿ ಹಚ್ಚಿಕೊಂಡು. ಮಲಗಿದ ಪ್ರತಿಯೊಬ್ಬನೂ ಕನಸು ಕಾಣುತ್ತಾನೆ ಎಂದ ಮೇಲೆ ಕವಿತೆಯ ಕಚ್ಚಾವಸ್ತು ಪ್ರತಿ ಮನೆಯಲ್ಲೂ ಇದೆ ಎಂದಾಯಿತಲ್ಲ.

ತನ್ನ ಮೇಲೂ ಇದೇ ದಿನಚರಿಯ ಪ್ರಯೋಗ ಮಾಡಿಕೊಂಡ. 1936ರಲ್ಲಿ ಒಂದು ವರ್ಷ, ದಿನಕ್ಕೊಂದು ಪದ್ಯ. ರಾತ್ರಿ ಮಲಗುವ ಮುನ್ನ, ಸ್ಫೂರ್ತಿ ಇರಲಿ ಬಿಡಲಿ, ದಣಿವಿರಲಿ, ಒಂದು ಬರೆದೇ ಮಲಗುವುದು. ಆ ವರ್ಷಗಳಲ್ಲಿ ಬರೆದು 1942ರ ‘ಫೋರ್ತ್ಯೂನ್’ ಸಂಕಲನದಲ್ಲಿ ಸೇರಿಸಿದ ಪದ್ಯಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಇಡೀ ದೆಸ್ನೋಸ್ ಸಿಗುತ್ತಾನೆ.

ಅದರ ವಸ್ತು ಒಂದು ಎಲೆ. ಒಂದಾನೊಂದು ಕಾಲದಲ್ಲಿ ಎಂಬ ಕತೆಯ ಧಾಟಿಯಲ್ಲಿ, ಒಂದು ಎಲೆ ಇತ್ತು, ಅದಕ್ಕೆ ಗೆರೆಗಳಿದ್ದವು ಎಂದು ಶುರು. ಆಯುಷ್ಯದ ಗೆರೆ, ಅದೃಷ್ಟದ ಗೆರೆ, ಹೃದಯದ ಗೆರೆ. ಎಲೆಯ ನರಗಳನ್ನು ಅಂಗೈಯ ರೇಖೆಗಳ ಹಾಗೆ ಓದುತ್ತಿದ್ದಾನೆ. ಆಮೇಲೆ, ಎಲೆಯ ತುದಿಯಲ್ಲಿ ಒಂದು ಕೊಂಬೆ ಇತ್ತು ಅನ್ನುತ್ತಾನೆ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೊಂಬೆಯ ತುದಿಯಲ್ಲಿ ಎಲೆ ಇರುತ್ತದೆಯೇ ಹೊರತು ಎಲೆಯ ತುದಿಯಲ್ಲಿ ಕೊಂಬೆ ಅಲ್ಲ. ಆದರೆ ಎಲೆಯನ್ನು ಕೈಯಲ್ಲಿ ಹಿಡಿದವನ ಕಡೆಯಿಂದ ನೋಡಿದರೆ ಸರಿ, ಎಲೆಯೇ ಮೊದಲು, ಕೊಂಬೆ ಆಮೇಲೆ. ಅದೇ ಲೆಕ್ಕದಲ್ಲಿ ಕೊಂಬೆಯ ತುದಿಯಲ್ಲಿ ಮರ. ಮರಕ್ಕೆ ಯಾರೋ ಕೆತ್ತಿದ ಹೃದಯ, ಚುಚ್ಚಿ ತೂರಿದ ಹೃದಯ. ಮರದ ತುದಿಯಲ್ಲಿ ಬೇರು, ಬೇರಿನ ತುದಿಯಲ್ಲಿ ಭೂಮಿ. ಬರೀ ಭೂಮಿ, ದುಂಡನೆಯ ಭೂಮಿ, ಆಕಾಶದಲ್ಲಿ ಒಂಟಿಯಾಗಿ ಹೊರಟ ಭೂಮಿ. ಅಲ್ಲಿಗೆ ಪದ್ಯ ಮುಗಿಯುತ್ತದೆ.

ಕಷ್ಟದ ಪದ ಒಂದೂ ಇಲ್ಲ. ಕರಗುವ ಗಡಿಯಾರವೂ ಇಲ್ಲ. ಇರುವ ವಸ್ತುಗಳೆಲ್ಲ ಇದ್ದಲ್ಲೇ ಇವೆ, ಎಣಿಸುವ ಕ್ರಮ ಮಾತ್ರ ತಿರುಗುಮುರುಗು. ಹತ್ತಿರದಿಂದ ಕೇಳಿದರೆ ಹಳೆಯ ರೋಸ್ ಸೆಲಾವಿಯ ಆಟವೂ ಒಳಗೆ ನಡೆದಿದೆ: ಗೆರೆಗೆ ಫ್ರೆಂಚಿನಲ್ಲಿ ‘ಲೀನ್ಯ್’, ಅದು ಕೊಂಬೆಗೆ ಬಂದಾಗ ‘ಸೀನ್ಯ್’, ಅಂದರೆ ಗುರುತು, ಮರಕ್ಕೆ ಬಂದಾಗ ‘ದೀನ್ಯ್’, ಅಂದರೆ ಯೋಗ್ಯ, ಬೇರಿಗೆ ಬಂದಾಗ ‘ವೀನ್ಯ್’, ಅಂದರೆ ದ್ರಾಕ್ಷಿಬಳ್ಳಿ. ಒಂದೊಂದೇ ಅಕ್ಷರ ಬದಲಾಗುತ್ತ ಪದ್ಯ ಎಲೆಯಿಂದ ಭೂಮಿಗೆ ಇಳಿಯುತ್ತದೆ. ನಿದ್ದೆಯಲ್ಲಿ ಸಿಕ್ಕ ಕುಶಲತೆ ಹದಿನಾಲ್ಕು ವರ್ಷದ ಮೇಲೆ ಎಚ್ಚರದಲ್ಲಿ, ಒಂದು ಎಲೆಯ ಮುಂದೆ ಕೆಲಸಕ್ಕೆ ಬಂತು.

1944ರಲ್ಲಿ ಬಂದ ಮಕ್ಕಳ ಪದ್ಯಗಳೂ ಇದೇ ಕಸುಬಿನವು. ಹದಿನೆಂಟು ಮೀಟರ್ ಉದ್ದದ ಇರುವೆಯೊಂದು ತಲೆಗೆ ಟೋಪಿ ಹಾಕಿಕೊಂಡಿದೆ. ಅಂಥದ್ದು ಇಲ್ಲ, ಇಲ್ಲವೇ ಇಲ್ಲ ಎನ್ನುತ್ತದೆ ಪದ್ಯ. ಪೆಂಗ್ವಿನ್ನು, ಬಾತುಕೋಳಿ ತುಂಬಿದ ಗಾಡಿ ಎಳೆಯುವ ಇರುವೆ? ಅದೂ ಇಲ್ಲ. ಫ್ರೆಂಚ್, ಲ್ಯಾಟಿನ್, ಜಾವಾ ಭಾಷೆ ಮಾತಾಡುವ ಇರುವೆ? ಅದೂ ಇಲ್ಲ. ಕೊನೆಗೆ ಒಂದೇ ಪ್ರಶ್ನೆ: ಅಲ್ಲ, ಯಾಕಿರಬಾರದು? ಫ್ರೆಂಚಿನಲ್ಲಿ ‘ಮೀಟರ್’ ಮತ್ತು ‘ತಲೆ’ ಪ್ರಾಸದ ಹಾಗೆ ಕೇಳಿಸುತ್ತವೆ, ಟೋಪಿ ತಲೆಗೆ ಬಂದದ್ದು ಆ ದಾರಿಯಿಂದ. ಇನ್ನೊಂದರಲ್ಲಿ ಜೊನಾಥನ್ ಎಂಬ ಹದಿನೆಂಟರ ಕಪ್ತಾನ ದೂರದ ದ್ವೀಪದಲ್ಲಿ ಪೆಲಿಕನ್ ಹಿಡಿಯುತ್ತಾನೆ. ಅದು ಬಿಳಿ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಹಾಗೇ ಇರುವ ಇನ್ನೊಂದು ಪೆಲಿಕನ್, ಅದರ ಮೊಟ್ಟೆಯಿಂದ ಮತ್ತೊಂದು. ನಡುವೆ ಯಾರಾದರೂ ಆಮ್ಲೆಟ್ ಮಾಡದಿದ್ದರೆ ಇದು ಬಹಳ ಕಾಲ ನಡೆಯಬಹುದು ಎಂದು ಪದ್ಯ ಮುಗಿಸುತ್ತಾನೆ. ಜೀವಸಂತತಿಯ ಅನಂತತೆಯನ್ನು ಕಾಣಿಸಿ, ಅದನ್ನು ಬಾಣಲೆಗೆ ಹಾಕುವ ಈ ಧೈರ್ಯ ಬ್ರೆತೋಂಗೆ ಇರಲಿಲ್ಲ ಅನ್ನಿಸುತ್ತದೆ.

ಆ ಪದ್ಯಗಳು ಬಂದ ವರ್ಷ ಫ್ರಾನ್ಸ್ ಜರ್ಮನರ ಕೈಯಲ್ಲಿತ್ತು. ದೆಸ್ನೋಸ್ ಮೇಲ್ನೋಟಕ್ಕೆ ‘ಓಜೂರ್ದ್ವಿ’ ಎಂಬ ಪತ್ರಿಕೆಯ ನೌಕರ. ಕಚೇರಿಗೆ ಬರುವ ಗುಟ್ಟಿನ ಸುದ್ದಿಗಳನ್ನು 1942ರಿಂದ ‘ಆಜೀರ್’ ಎಂಬ ಪ್ರತಿರೋಧ ಜಾಲಕ್ಕೆ ದಾಟಿಸುತ್ತಿದ್ದ. ಬೇರೆ ಹೆಸರುಗಳಲ್ಲಿ ಪದ್ಯಗಳನ್ನೂ ಬರೆದ. ಯುದ್ಧವನ್ನು ದ್ವೇಷಿಸುತ್ತಿದ್ದ ಈ ಹೃದಯ ಈಗ ಯುದ್ಧಕ್ಕಾಗಿ ಬಡಿಯುತ್ತಿದೆ ಎಂಬ ಪದ್ಯ 1943ರ ಗುಪ್ತ ಸಂಕಲನದಲ್ಲಿ ಪಿಯೇರ್ ಆಂದಿಯೆ ಎಂಬ ಹೆಸರಿನಲ್ಲಿ ಬಂತು. 1944ರ ಫೆಬ್ರವರಿ 22ರಂದು ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಮನೆಗೆ ಬಂತು. ಬರುತ್ತಿದ್ದಾರೆ ಎಂದು ಫೋನಿನಲ್ಲಿ ಮುಂಚೆಯೇ ಸುಳಿವು ಸಿಕ್ಕಿತ್ತು. ತಾನು ತಪ್ಪಿಸಿಕೊಂಡರೆ ಸಂಗಾತಿ ಯೂಕಿಯನ್ನು ಎಳೆದೊಯ್ಯುತ್ತಾರೆ ಎಂದು ಅವನು ಹೋಗಲಿಲ್ಲ.

ಏಪ್ರಿಲ್ 27ರಂದು ಕೊಂಪಿಯೇನ್ ಎಂಬಲ್ಲಿನ ಬಂಧನ ಶಿಬಿರದಿಂದ ಸುಮಾರು 1,700 ಗಂಡಸರನ್ನು ತುಂಬಿದ ರೈಲು ಹೊರಟಿತು. ಆಶ್ವಿಟ್ಸ್, ಬುಕೆನ್‌ವಾಲ್ಡ್, ಫ್ಲೋಸೆನ್‌ಬ್ಯುರ್ಗ್ ಶಿಬಿರಗಳನ್ನು ದಾಟಿ ದೆಸ್ನೋಸ್ ಸ್ಯಾಕ್ಸನಿಯ ಫ್ಲೋಹಾ ಎಂಬಲ್ಲಿ ವಿಮಾನದ ಭಾಗ ತಯಾರಿಸುವ ಕಾರ್ಖಾನೆಗೆ ಬಂದ. ಜೊತೆಯ ಕೈದಿಗಳಿಗೆ ಅಂಗೈ ನೋಡಿ ಒಳ್ಳೆಯ ಭವಿಷ್ಯ ಹೇಳುತ್ತಿದ್ದ ಎಂದು ಬದುಕಿ ಬಂದವರು ನೆನಪಿಸಿಕೊಂಡಿದ್ದಾರೆ. ಎಲೆಯಲ್ಲಿ ಆಯುಷ್ಯದ ಗೆರೆ ಓದಿದವನಿಗೆ ಇದೇನು ಹೊಸದಲ್ಲ. ಇದರ ಮೇಲೆ ಕಟ್ಟಿದ ಒಂದು ಕತೆ, ಅನಿಲಕೋಣೆಯ ಬಾಗಿಲಲ್ಲಿ ಅವನು ಕೈ ನೋಡಿ ಹೇಳಿದ್ದಕ್ಕೆ ಕಾವಲುಗಾರರು ಎಲ್ಲರನ್ನೂ ವಾಪಸ್ ಕಳಿಸಿದರು ಎಂಬುದು, ಬಹಳ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನಾನು ಅದನ್ನು ನಂಬುವುದಿಲ್ಲ. ನಾಜಿ ಶಿಬಿರಗಳು ಅಷ್ಟು ಸುಲಭಕ್ಕೆ ಬೆರಗಾಗುವ ಜಾಗಗಳಾಗಿರಲಿಲ್ಲ.

ನಂಬಬಹುದಾದದ್ದು ಅವನದೇ ಕಾಗದ. 1944ರ ಜುಲೈ 15ರಂದು ಫ್ಲೋಹಾದಿಂದ ಯೂಕಿಗೆ ಬರೆದದ್ದು. ಉಳಿದಂತೆ ನನಗೆ ಕಾವ್ಯದಲ್ಲಿ ಆಸರೆ ಸಿಕ್ಕಿದೆ ಎನ್ನುತ್ತಾನೆ. ರೋಸ್ ಸೆಲಾವಿ ಹೇಳಿದ, ಬೆಟ್ಟಗಳ ಮೇಲೆ ಓಡುವ ಕುದುರೆ ಅದು, ಆ ಮಾತು ಈಗ ಅಕ್ಷರಶಃ ನಿಜವಾಗುತ್ತಿದೆ ಎನ್ನುತ್ತಾನೆ. ನಿನಗೆ ಇಂತಿಂಥದ್ದು ಕೊಡಬೇಕಿತ್ತು ಎಂದು ಪಟ್ಟಿಯನ್ನೂ ಮಾಡುತ್ತಾನೆ: ಒಂದು ಲಕ್ಷ ಸಿಗರೇಟು, ದೊಡ್ಡ ದೊಡ್ಡ ದರ್ಜಿಗಳು ಹೊಲಿದ ಹನ್ನೆರಡು ಉಡುಪು, ಸೇನ್ ರಸ್ತೆಯ ಮನೆ, ಒಂದು ಮೋಟಾರು ಗಾಡಿ, ಕೊಂಪಿಯೇನ್ ಕಾಡಿನ ಪುಟ್ಟ ಮನೆ, ಬೆಲ್-ಈಲ್ ದ್ವೀಪದ ಮನೆ, ಮತ್ತು ನಾಲ್ಕು ಕಾಸಿನ ಒಂದು ಹೂಗುಚ್ಛ. ಆ ಕೊನೆಯ ನಾಲ್ಕು ಕಾಸು ಕಾಗದವನ್ನು ಅಳುಬುರುಕಾಗದಂತೆ ಕಾಪಾಡಿದೆ.

1945ರ ಏಪ್ರಿಲ್‌ನಲ್ಲಿ ಫ್ಲೋಹಾ ಖಾಲಿ ಮಾಡಿ ಕೈದಿಗಳನ್ನು ನಡೆಸಿಕೊಂಡು ಹೊರಟರು. ದೆಸ್ನೋಸ್ ಈಗಿನ ಜೆಕ್ ಗಣರಾಜ್ಯದಲ್ಲಿರುವ ತೆರೆಜಿನ್ ತಲುಪುವ ಹೊತ್ತಿಗೆ ಯುದ್ಧ ಮುಗಿಯುತ್ತ ಬಂದಿತ್ತು, ಅವನಿಗೆ ಟೈಫಸ್ ಹತ್ತಿತ್ತು. ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಜೆಕ್ ವಿದ್ಯಾರ್ಥಿ ಯೋಸೆಫ್ ಸ್ತೂನಾ ಪಟ್ಟಿಯಲ್ಲಿ ಆ ಹೆಸರು ನೋಡಿ ಚಕಿತನಾದ. ಬ್ರೆತೋಂನ ‘ನಾದ್ಯಾ’ ಎಂಬ ಪುಸ್ತಕದಲ್ಲಿ ಮಾನ್ ರೇ ತೆಗೆದ ದೆಸ್ನೋಸ್‌ನ ಫೋಟೊಗಳಿವೆ, ನಿದ್ದೆಯ ಕೂಟಗಳ ಕಾಲದವು. ಪ್ರಾಗ್‌ನಲ್ಲಿ ಆ ಪುಸ್ತಕವನ್ನು ಓದಿದವರಿದ್ದರು. ಕವಿ ರೋಬೇರ್ ದೆಸ್ನೋಸ್ ಗೊತ್ತೇ ಎಂದು ಸ್ತೂನಾ ಕೇಳಿದಾಗ, ಹೌದು, ಅವನೇ ನಾನು ಎಂದು ರೋಗಿ ಹೇಳಿದ. ಸ್ತೂನಾ, ನರ್ಸ್ ಅಲೆನಾ ತೆಸಾರ್ಜೊವಾ ಇಬ್ಬರೂ ಆರೈಕೆ ಮಾಡಿದರೂ ಜೂನ್ 8ರಂದು ಅವನು ತೀರಿಕೊಂಡ. ಚಿತಾಭಸ್ಮ ಪ್ಯಾರಿಸ್ಸಿಗೆ ಬಂತು, ಶ್ರದ್ಧಾಂಜಲಿ ಹೇಳಿದವನು ಅದೇ ಎಲ್ಯುಆರ್.

ಈಗ ಆ 1926ರ ಪದ್ಯಕ್ಕೆ ಬರೋಣ. ದೆಸ್ನೋಸ್ ಸತ್ತ ಸುದ್ದಿಯ ಜೊತೆ ಒಂದು ಜೆಕ್ ಪತ್ರಿಕೆ ಆ ಪದ್ಯದ ಕೊನೆಯ ಸಾಲುಗಳನ್ನು ಜೆಕ್ ಅನುವಾದದಲ್ಲಿ ಅಚ್ಚು ಹಾಕಿತು. ಅದನ್ನು ಓದಿದವರು ಶಿಬಿರದಲ್ಲಿ ಬರೆದ ಕಡೆಯ ಪದ್ಯ ಎಂದುಕೊಂಡರು, ಮತ್ತೆ ಫ್ರೆಂಚಿಗೆ ತಂದರು. ಫ್ರೆಂಚಿನಿಂದ ಜೆಕ್‌ಗೆ, ಜೆಕ್‌ನಿಂದ ಫ್ರೆಂಚಿಗೆ ಹೋಗಿ ಬರುವಾಗ ಸಾಲುಗಳು ಸವೆದು, ಚಿಕ್ಕದಾಗಿ, ಬೇರೆಯೇ ಪದ್ಯವಾಗಿದ್ದವು. ಗಾಯಕಿಯ ನೆರಳನ್ನು ಪ್ರೀತಿಸಿದವನ ಮಾತು, ಸಾಯುತ್ತಿರುವ ಕೈದಿ ದೂರದ ಸಂಗಾತಿಗೆ ಹೇಳಿದ ಮಾತಾಯಿತು. ‘ಕಡೆಯ ಪದ್ಯ’ ಎಂಬ ಹೆಸರಿನಲ್ಲಿ ಅದು ಸಂಕಲನಗಳಿಗೆ ಸೇರಿತು, 1956ರಲ್ಲಿ ಫ್ರೆಂಚ್ ಸಂಗೀತಕಾರ ಫ್ರಾನ್ಸಿಸ್ ಪುಲಾಂಕ್ ಅದಕ್ಕೆ ರಾಗ ಹಾಕಿದ. ಸಂಶೋಧಕರು ಎಷ್ಟು ತಿದ್ದಿದರೂ ಆ ಹೆಸರು ಬಿಟ್ಟುಹೋಗಿಲ್ಲ. ತಪ್ಪು ತಿಳಿವಳಿಕೆಯಿಂದ ಹುಟ್ಟಿದ, ಒಬ್ಬನೇ ಲೇಖಕ ಎನ್ನಲಾಗದ ಆ ಪದ್ಯ ಮೂಲಕ್ಕಿಂತ ಕೆಟ್ಟದ್ದೇನೂ ಅಲ್ಲ, ಇದು ನನ್ನ ಅಭಿಪ್ರಾಯ.

ದೆಸ್ನೋಸ್‌ನನ್ನು ಓದಬೇಕೆನ್ನುವವರು ಮಕ್ಕಳ ಪದ್ಯಗಳಿಂದ ಶುರು ಮಾಡಿ, ‘ಫೋರ್ತ್ಯೂನ್’ಗೆ ಬಂದು, ಆಮೇಲೆ 1930ರ ‘ಕೋರ್ ಎ ಬ್ಯಾಂ’ ಸಂಕಲನಕ್ಕೆ ಹೋಗುವುದು ಒಳ್ಳೆಯದು. ರೋಸ್ ಸೆಲಾವಿಯ ಸಾಲುಗಳು ಅದರಲ್ಲಿವೆ. ‘ಸ್ವಾತಂತ್ರ್ಯ ಅಥವಾ ಪ್ರೇಮ!’ ಕಡೆಗಿರಲಿ, ಅದು ಎಲ್ಲರಿಗೂ ಒಗ್ಗುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಲೇಖಕ ತೀರಿಕೊಂಡು 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುತ್ತದೆ. ಅಂದರೆ 2006ರಿಂದ ಅವನ ಬದುಕಿನಲ್ಲಿ ಅಚ್ಚಾದ ಯಾವ ಪದ್ಯವನ್ನಾದರೂ ಯಾರನ್ನೂ ಕೇಳದೆ ಕನ್ನಡಕ್ಕೆ ತರಬಹುದು, ಟೋಪಿ ಹಾಕಿದ ಇರುವೆಯ ಸಮೇತ.